ಆಟದಿಂದ ಅಂಗಗಳ ಶಿಕ್ಷಣ

“ಸಾಯಂಕಾಲದ ಆಟದ ವೇಳೆಯನ್ನು ಪಾಠಕ್ಕೆ ಕೊಟ್ಟರೆ ಪರೀಕ್ಷೆಗೆ ಅನುಕೂಲವಾಗದೆ, ಅಮ್ಮನವರೇ?” ಎಂದು ಹೆತ್ತವರು ನನ್ನನ್ನು ಕೇಳುವುದುಂಟು. ಬೆಳೆದ ಹುಡುಗಿಯರು ಓಡಿ ಹಾರುವುದು ತರವಲ್ಲವೆಂಬವರೂ ಉಂಟು. ಅವರಿಗೆ ಉತ್ತರ ಕೊಡುವುದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಉಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿಯ ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಸೋಮಾರಿಯೆಂದು ಭಾವಿಸಿ, ಆಟಕ್ಕೆ ಬಿಡದೆ ಕಾಪಿ ಬರೆಯಿಸಿದೆನು. ಅಕ್ಷರ ತಿದ್ದಲಿಲ್ಲ, ಬರೆವಣಿಗೆಯೆಂದರೆ ಅವಳಿಗೆ ಅಳು ಬರುವಂತಾಯಿತು. ಅವಳು ನೆಟ್ಟಗೆ ಬಹಳ ಹೊತ್ತು ಕುಳ್ಳಿರಲಾರಳು, ಎಸೆದ ಚೆಂಡನ್ನು ಹಿಡಿಯಲಾರಳು ಎಂಬುದನ್ನು ನಾನು ತಡವಾಗಿ ಕಂಡೆನು. ಕೊರತೆಯಿದ್ದುದು ಮನಸ್ಸಿನಲ್ಲಲ್ಲ, ಅಂಗಗಳ ಹೊಂದಾಣಿಕೆಯಲ್ಲಿ. ಅದನ್ನು ಬೆಳೆಯಿಸತಕ್ಕ ವೇಳೆಯನ್ನೇ ನಾನು ಕಸಿದುಕೊಂಡಿದ್ದೆನು.

ನಡೆಯುವುದು, ಹಾರುವುದು, ಎಸೆಯುವುದು ದೊಡ್ಡ ಸ್ನಾಯುಗಳ ಕೆಲಸ. ಬರೆಯುವುದು, ಹೊಲಿಯುವುದು, ಗುಂಡಿ ಹಾಕುವುದು ಬೆರಳುಗಳ ಸಣ್ಣ ಸ್ನಾಯುಗಳ ಕೆಲಸ. ಬೆನ್ನೂ ಭುಜವೂ ಸ್ಥಿರವಾಗಿದ್ದರೆ ಬೆರಳುಗಳ ಕೆಲಸ ಸುಲಭವಾಗುತ್ತದೆ. ಮೆದುಳಿನ ಹಿಂಭಾಗದಲ್ಲಿರುವ ಕಿರುಮೆದುಳು ಒಂದು ಚಲನೆಯಲ್ಲಾದ ತಪ್ಪನ್ನು ಗ್ರಹಿಸಿ, ಮುಂದಿನ ಚಲನೆಯನ್ನು ತಿದ್ದುವುದಕ್ಕೆ ಸಹಾಯ ಮಾಡುತ್ತದೆ. ಆದುದರಿಂದ ಮರಳಿ ಮರಳಿ ಮಾಡುವುದು ಅವಶ್ಯ. ಹೇಳಿ ಮಾಡಿಸಿದರೆ ಹತ್ತು ಸಲಕ್ಕೆ ಬೇಸರಪಡುವ ಮಗು ಅದನ್ನೇ ಆಟದಲ್ಲಿ ನೂರು ಸಲ ಸಂತೋಷದಿಂದ ಮಾಡುತ್ತದೆ.

ನಮ್ಮ ಊರಾಟಗಳನ್ನೇ ನೋಡಿರಿ. ಕುಂಟೆಬಿಲ್ಲೆಯಲ್ಲಿ ಮಗು ಬಿಲ್ಲೆಯನ್ನು ಗುರಿಯಿಟ್ಟು ಎಸೆದು, ಒಂಟಿಕಾಲಿನಲ್ಲಿ ಗೆರೆ ಮುಟ್ಟದೆ ಹಾರಬೇಕು. ಇದರಿಂದ ದೇಹದ ತೂಕವನ್ನು ಹತೋಟಿಯಲ್ಲಿಡಲು ಕಲಿಯುತ್ತದೆ. ಕಲ್ಲಾಟದಲ್ಲಿ ಒಂದು ಕಲ್ಲು ಮೇಲೆ ಹೋಗಿ ಬರುವುದರೊಳಗೆ ನೆಲದ ಕಲ್ಲುಗಳನ್ನು ಮೊದಲು ಒಂದೊಂದಾಗಿ, ಆಮೇಲೆ ಎರಡೆರಡಾಗಿ ಬಾಚಬೇಕು. ಕಣ್ಣೂ ಕೈಯೂ ಕೂಡಿ ನಡೆಯುತ್ತವೆ, ಕಷ್ಟವೂ ಹಂತಹಂತವಾಗಿ ಏರುತ್ತದೆ. ಅಳಗುಳಿಮಣೆಯಲ್ಲಿ ಹದಿನಾಲ್ಕು ಗುಳಿಗಳಿಗೆ ಹುಣಿಸೆಬೀಜಗಳನ್ನು ಒಂದೊಂದಾಗಿ ಬಿಡುವಾಗ ಹೆಬ್ಬೆರಳೂ ತೋರುಬೆರಳೂ ಪಳಗುತ್ತವೆ.

ಇದು ಹೊಸ ಮಾತಲ್ಲ. ಜರ್ಮನಿಯಲ್ಲಿ ಫ್ರೋಬೆಲರು 1837ರಲ್ಲಿಯೇ ಆಟವನ್ನು ಎಳೆಯರ ಶಿಕ್ಷಣದ ತಳಹದಿಯಾಗಿ ಮಾಡಿದರು. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದ ಮಾಂಟೆಸೊರಿಯವರು ಕೈಗೆಲಸದಿಂದ ಬುದ್ಧಿಯನ್ನು ಬೆಳೆಯಿಸುವ ಕ್ರಮವನ್ನು 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ಕಲಿಸಿದರು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಚುರುಕಾದ ದೇಹಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಹುಡುಗಿಯರಿಗೆ ರಿಯಾಯಿತಿ ಕೊಟ್ಟಿಲ್ಲ.

ಆದರೆ ಆಟವಾಡಿದ ಮಾತ್ರಕ್ಕೆ ಅಕ್ಷರ ದುಂಡಗಾಗದು. ಬರೆದೇ ಬರೆವಣಿಗೆ ಬರಬೇಕು. ಆ ಹುಡುಗಿಯನ್ನು ನಾನು ಮರಳಿ ಆಟಕ್ಕೆ ಕಳುಹಿಸಿ, ದಿನಕ್ಕೆ ನಾಲ್ಕೇ ಸಾಲುಗಳನ್ನು ಬರೆಯಿಸಿದೆನು. ವರ್ಷದ ಕೊನೆಗೆ ಅವಳ ಅಕ್ಷರ ಸುಂದರವಾಗದಿದ್ದರೂ ಓದುವಂತಾಯಿತು, ಅಳು ನಿಂತಿತು.

ತಂದೆತಾಯಿಗಳೇ, ಪದೇ ಪದೇ ಎಡವುವ ಮಗುವನ್ನು ಹಾಸ್ಯಮಾಡಬೇಡಿರಿ, ವೈದ್ಯರಿಗೆ ತೋರಿಸಿರಿ. ಎಡಗೈಯವರನ್ನು ಬಲಗೈಗೆ ಬಲಾತ್ಕರಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ಈ ಅಂಗಳದಲ್ಲಿ ನೀವು ಆಡಿದ ಆಟಗಳನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕಲಿಸಿರಿ. ಆಟದ ಗಂಟೆಯನ್ನು ಮಾತ್ರ ನಮ್ಮಿಂದ ಕೇಳಬೇಡಿರಿ, ಅದು ಮಕ್ಕಳದು.