ರಸ್ತೆತಡೆಯೂ ಪೌರರ ಪಾಡೂ

ಕಾವೇರಿಯ ನೀರಿನ ವಿಷಯದಲ್ಲಿ ಮಂಡ್ಯದ ರೈತನ ಪಕ್ಷದಲ್ಲಿ ನ್ಯಾಯವುಂಟೇ ಇಲ್ಲವೇ ಎಂಬ ಚರ್ಚೆಯನ್ನು ನಾವು ಇಂದು ಎತ್ತಿಕೊಂಡಿಲ್ಲ. ಆ ವಿಷಯದಲ್ಲಿ ಈ ಪತ್ರಿಕೆಯ ಅಭಿಪ್ರಾಯವೇನೆಂಬುದು ವಾಚಕ ಮಹಾಶಯರಿಗೆ ತಿಳಿದೇ ಇದೆ. ಇಂದಿನ ಪ್ರಶ್ನೆ ಬೇರೆ, ಮತ್ತು ಕೊಂಚ ಅಪ್ರಿಯವಾದುದು. ನ್ಯಾಯವಾದ ಬೇಡಿಕೆಗಾಗಿ ಒಂದು ಊರಿನ ಬೀದಿಗಳನ್ನು ದಿನಗಟ್ಟಲೆ, ವಾರಗಟ್ಟಲೆ ಕಟ್ಟಿಹಾಕಿದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ? ಈ ಪ್ರಶ್ನೆಯನ್ನು ಮಿತ್ರರಲ್ಲದವರು ಕೇಳಿದರೆ ಅದು ದ್ರೋಹವೆನಿಸುತ್ತದೆ. ಆದಕಾರಣ ಮಿತ್ರರೇ ಕೇಳುವುದು ಮೇಲು.

ಮೊದಲು ರೈತನ ಸಿಟ್ಟಿನ ಮೂಲವನ್ನು ಅರಿಯಬೇಕು. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ದಿನಕ್ಕೆ 15,000 ಕ್ಯೂಸೆಕ್ಸ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಆಜ್ಞಾಪಿಸಿತು. ಕ್ಯೂಸೆಕ್ಸ್ ಎಂಬ ಮಾತು ಪೇಟೆಯವರ ಕಿವಿಗೆ ಬರಿಯ ಶಬ್ದ. ಲೆಕ್ಕ ಹಾಕಿ ನೋಡಿದರೆ ಆ ಪ್ರಮಾಣದಲ್ಲಿ ಒಂದು ದಿನಕ್ಕೆ ಸುಮಾರು 1.3 ಟಿ.ಎಂ.ಸಿ., ಹತ್ತು ದಿನಕ್ಕೆ ಸುಮಾರು 13 ಟಿ.ಎಂ.ಸಿ. ಆಗುತ್ತದೆ. ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬಿ ನಿಂತಾಗಲೂ ಅದರಲ್ಲಿರುವುದು 49 ಟಿ.ಎಂ.ಸಿ.ಯಷ್ಟು ಮಾತ್ರ. ಕಟ್ಟೆಯೇ ತುಂಬದ ವರ್ಷದಲ್ಲಿ ಈ ಆಜ್ಞೆ ಬಂದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಗದ್ದೆಗಳ ಗತಿ ಏನೆಂದು ಹೇಳಬೇಕಾಗಿಲ್ಲ. ನಾಲೆ ತುಂಬಿ ಹರಿಯುವ ಕಾಲದಲ್ಲೇ ಅಲ್ಲಿಗೆ ನೀರು ತಡವಾಗಿ ಬರುತ್ತದೆ. ಕಟ್ಟು ಪದ್ಧತಿ ಹೂಡಿದರಂತೂ ಮೇಲಿನವರು ಮುಗಿಸಿದ ಮೇಲೆ ಉಳಿದದ್ದೇ ಪಾಲು. ಅದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಹಗಲಿರುಳೂ ಏರಿ ಹೋಗುತ್ತದೆ. ತನ್ನ ಹೊಲದ ಪಕ್ಕದಲ್ಲಿ ಕೊಳವೆಯ ಸದ್ದು ಕೇಳುತ್ತ ಒಣಗಿದ ಪೈರನ್ನು ನೋಡುವವನು ಬೀದಿಗೆ ಬಂದರೆ ಅವನನ್ನು ಪುಂಡನೆಂದು ಕರೆಯುವ ಬಾಯಿ ನಮಗಿಲ್ಲ.

ಆದರೆ ಬೀದಿಗೆ ಬರುವುದು ಒಂದು, ಬೀದಿಯನ್ನು ಮುಚ್ಚುವುದು ಇನ್ನೊಂದು.

ಹಿಂದೆ ಬೆಂಗಳೂರು ಮೈಸೂರುಗಳ ನಡುವಣ ವಾಹನವೆಲ್ಲ ಮದ್ದೂರು, ಮಂಡ್ಯಗಳ ಪೇಟೆಯೊಳಗಿಂದಲೇ ಹಾಯಬೇಕಾಗಿತ್ತು. ಸಂಜಯ ವೃತ್ತದಲ್ಲಿ ನಾಲ್ಕು ಗಾಡಿಗಳನ್ನು ಅಡ್ಡ ನಿಲ್ಲಿಸಿದರೆ ವಿಧಾನಸೌಧಕ್ಕೆ ಬಿಸಿ ತಟ್ಟುತ್ತಿತ್ತು. ರಸ್ತೆತಡೆಗೆ ಆಗ ಯುಕ್ತಿಯ ದೃಷ್ಟಿಯಿಂದಲಾದರೂ ಒಂದು ಅರ್ಥವಿತ್ತು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ದೂರದ ವಾಹನಗಳು ಊರ ಹೊರಗಿನಿಂದಲೇ ಹೋಗಿಬಿಡುತ್ತವೆ. ಹಳೆಯ ರಸ್ತೆಯಲ್ಲಿ ಉಳಿದವರು ಯಾರು? ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಬರುವ ಬಸುರಿಯರು, ಹಾಲಿನ ಕ್ಯಾನು ಹೊತ್ತವರು, ಬೆಲ್ಲದ ಮಾರುಕಟ್ಟೆಯ ಹಮಾಲಿಗಳು, ಕಚೇರಿಯ ಗುಮಾಸ್ತರು. ಮಂತ್ರಿಗಳ ವಾಹನ ಮೇಲುಸೇತುವೆಯ ಮೇಲೆ ಸಾಗುತ್ತದೆ. ಕೆಳಗೆ ನಿಂತಿರುವುದು ನಮ್ಮದೇ ಜನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಒಮ್ಮೆ ಇಂಥ ದಿನದಲ್ಲಿ ಈ ಲೇಖಕನು ಮದ್ದೂರಿನ ಬಳಿ ಕಬ್ಬಿನ ಗಾಡಿಯವನೊಬ್ಬನನ್ನು ಕಂಡನು. ಕಡಿದ ಕಬ್ಬು ಗಾಣಕ್ಕೆ ತಡವಾಗಿ ಸೇರಿದಷ್ಟೂ ತೂಕವೂ ರಸವೂ ಇಳಿಯುತ್ತವೆಂಬುದು ಬಲ್ಲವರಿಗೆ ಗೊತ್ತು. ಬೆಳಗಿನಿಂದ ನಿಂತಿದ್ದ ಆತನು, “ನೀರಿಲ್ದೆ ಅರ್ಧ ಗದ್ದೆ ಒಣಗೋಯ್ತು ಸ್ವಾಮಿ. ಉಳಿದರ್ಧ ಕಡ್ಕೊಂಡು ಬಂದ್ರೆ ಇಲ್ಲಿ ಒಣಗ್ತಾ ಅದೆ. ಅಡ್ಡ ಕೂತವ್ರಲ್ಲಿ ನನ್ನ ಅಳೀನೂ ಅವ್ನೆ, ಯಾರ್ನ ಬೈಯ್ಲಿ?” ಎಂದನು. ನಮಗೆ ಉತ್ತರ ತೋಚಲಿಲ್ಲ. ಅಂದಿನ ನಮ್ಮ ಪತ್ರಿಕೆಯ ಕಟ್ಟುಗಳೂ ಮಳವಳ್ಳಿಯನ್ನು ಮುಟ್ಟಿದ್ದು ಮಾರನೆಯ ದಿನ. ಅದು ಸಣ್ಣ ನಷ್ಟ, ಬಿಡೋಣ.

ಇನ್ನೊಂದು ಅಪಾಯವೂ ಉಂಟು. ಬಹುಕಾಲ ಎಳೆದ ಚಳವಳಿ ತನ್ನ ನಾಯಕರ ಕೈಯಲ್ಲಿ ಉಳಿಯುವುದಿಲ್ಲ. 1991ರ ಡಿಸೆಂಬರ್‌ನಲ್ಲಿ ಮಧ್ಯಂತರ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ಪೆಟ್ಟು ತಿಂದವರು ನೀರಿಗೂ ತಮಗೂ ಸಂಬಂಧವೇ ಇಲ್ಲದ ತಮಿಳು ಕೂಲಿಕಾರರು. 2016ರ ಸೆಪ್ಟೆಂಬರ್ 12ರಂದು ಅದೇ ನಗರದಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದುವು, ಜೀವಹಾನಿಯೂ ಆಯಿತು. ಮಂಡ್ಯದ ಗದ್ದೆಗೆ ಅದರಿಂದ ಒಂದು ಹನಿಯೂ ಬರಲಿಲ್ಲ. ಬಂದ ಲಾಭವೆಲ್ಲ ದಾಖಲೆಯ ಬಲದಿಂದ ಬಂದುದು: 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿ.ಎಂ.ಸಿ.ಗೆ ಏರಿದ್ದು ಅಂತರ್ಜಲದ ಲೆಕ್ಕ ಮತ್ತು ಬೆಂಗಳೂರಿನ ಕುಡಿಯುವ ನೀರಿನ ವಾದಗಳಿಂದ. ಬೀದಿಯ ಕೂಗಿಲ್ಲದಿದ್ದರೆ ಸರಕಾರವು ಆ ವಾದವನ್ನು ಅಷ್ಟು ಶ್ರದ್ಧೆಯಿಂದ ಹೂಡುತ್ತಿತ್ತೇ ಎಂದು ರೈತಮುಖಂಡರು ಕೇಳಬಹುದು. ಕೇಳಲಿ, ಅದರಲ್ಲಿ ಹುರುಳಿದೆ. ದಿವಂಗತ ಜಿ. ಮಾದೇಗೌಡರಂಥವರು ದಶಕಗಳ ಕಾಲ ಧ್ವನಿಯೆತ್ತದಿದ್ದರೆ ಈ ಜಿಲ್ಲೆಯ ಮಾತು ಅಷ್ಟು ದೂರ ಕೇಳಿಸುತ್ತಿರಲಿಲ್ಲ.

ಈ ಜಿಲ್ಲೆಗೆ ಚಳವಳಿಯ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿದವರು ಸೆರೆಮನೆಯ ಕಷ್ಟವನ್ನು ತಾವೇ ಹೊತ್ತರು. ದಾರಿಹೋಕನ ತಲೆಗೆ ಅದನ್ನು ಕಟ್ಟಲಿಲ್ಲ. 2023ರಲ್ಲಿ ಮಂಡ್ಯದ ಸರ್ ಎಂ.ವಿ. ಪ್ರತಿಮೆಯ ಎದುರು ನಡೆದ ಧರಣಿಯೂ, ರಸ್ತೆಗೆ ಇಳಿಯದೆ ಶಾಮಿಯಾನದ ಕೆಳಗೆ ಕುಳಿತಿದ್ದ ದಿನಗಳಲ್ಲಿ, ಪೇಟೆಯವರ ಸಹಾನುಭೂತಿಯನ್ನು ಸಂಪಾದಿಸಿತ್ತು. ಸೆಪ್ಟೆಂಬರ್ 23ರ ಮಂಡ್ಯ ಬಂದಿಗೆ ಅಂಗಡಿಕಾರರು ಬಾಗಿಲು ಹಾಕಿದ್ದಕ್ಕೆ ಅದೂ ಒಂದು ಕಾರಣವೆಂದು ನಾವು ತಿಳಿದಿದ್ದೇವೆ. ಒಂದು ದಿನದ ಹರತಾಳವನ್ನು ಊರು ಪ್ರೀತಿಯಿಂದ ತಾಳುತ್ತದೆ. ಹತ್ತನೆಯ ದಿನ ಅದೇ ಅಂಗಡಿಕಾರನು ಬಾಯಿ ಬಿಡದಿದ್ದರೂ ಮನಸ್ಸಿನಲ್ಲಿ ಎದುರು ಪಕ್ಷಕ್ಕೆ ಸೇರಿರುತ್ತಾನೆ.

ಅಧಿಕಾರಿವರ್ಗಕ್ಕೂ ಒಂದು ಮಾತು. ಜನ ರಸ್ತೆಗಿಳಿದ ಮೇಲೆ ಪೊಲೀಸರನ್ನು ಕರೆಸುವ ಬದಲು, ಇಳಿಯುವ ಮುನ್ನ ಲೆಕ್ಕವನ್ನು ಜನರ ಮುಂದಿಡಬಾರದೇಕೆ? ಕಟ್ಟೆಯ ಮಟ್ಟವೆಷ್ಟು, ಒಳಹರಿವೆಷ್ಟು, ಹೊಳೆಗೆ ಬಿಟ್ಟದ್ದೆಷ್ಟು, ನಾಲೆಗೆ ಎಷ್ಟು, ಮುಂದಿನ ಕಟ್ಟಿನಲ್ಲಿ ಯಾವ ತೂಬು ಎಂದು ತೆರೆಯುತ್ತದೆ ಎಂಬುದನ್ನು ಪ್ರತಿನಿತ್ಯ ಬೆಳಿಗ್ಗೆ ಮದ್ದೂರು, ಮಳವಳ್ಳಿಯ ತಾಲ್ಲೂಕು ಕಚೇರಿಗಳ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಚ್ಚಲಿ. ಕೊನೆಯ ಭಾಗದ ರೈತನು ತನ್ನ ಸರದಿಯ ದಿನವನ್ನು ಬೀದಿಯ ವದಂತಿಯಿಂದ ತಿಳಿಯುವಂತಾಗಬಾರದು. ಈ ಕೆಲಸಕ್ಕೆ ದಿಲ್ಲಿಯ ಅಪ್ಪಣೆಯೂ ಬೇಡ, ಪ್ರಾಧಿಕಾರದ ಸಭೆಯೂ ಬೇಡ. ಒಬ್ಬ ಗುಮಾಸ್ತ, ಒಂದು ಕಪ್ಪುಹಲಗೆ ಸಾಕು.