ಮೈಸೂರು ಝೂಗೆ ಯಾರ್ಯಾರು ಬಂದಿದ್ದಾರೆ ನೋಡಿ!

ಗೊರಿಲ್ಲಾ ಎದೆ ಬಡಿದುಕೊಳ್ಳುವುದು ಮುಷ್ಟಿಯಿಂದಲ್ಲ, ಬಿಚ್ಚಿದ ಅಂಗೈಯಿಂದ! ಸಿನಿಮಾದವರು ಇಷ್ಟು ಕಾಲ ನಮ್ಮ ತಲೆಗೆ ತುಂಬಿದ್ದೆಲ್ಲ ಸುಳ್ಳು. ಅಂಗೈಯನ್ನು ಬೊಗಸೆಯಂತೆ ಕೊಂಚ ಬಾಗಿಸಿ ಪಟಪಟ ಪಟಪಟ ಎಂದು ಬಡಿಯುತ್ತದೆ, ದಟ್ಟ ಕಾಡಿನಲ್ಲಿ ಆ ಸದ್ದು ಸುಮಾರು ಒಂದು ಕಿಲೋಮೀಟರ್ ದೂರ ಹೋಗುತ್ತದೆ. ಕಾಂಗೋ, ಗಬಾನ್, ಕ್ಯಾಮರೂನ್ ಕಾಡುಗಳ ಈ ಮಹಾಕಾಯವನ್ನು ನೋಡಲು ನಮಗೆ ಬೇಕಾದದ್ದು ಮೈಸೂರಿಗೆ ಒಂದು ಬಸ್ ಟಿಕೆಟ್ ಅಷ್ಟೇ!

ಥಾಬೋ ಮತ್ತು ಡೆಂಬಾ. 2021ರಲ್ಲಿ ಜರ್ಮನಿಯಿಂದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಬಂದಾಗ ಒಬ್ಬನಿಗೆ 14 ವರ್ಷ, ಇನ್ನೊಬ್ಬನಿಗೆ 8. ಡಬ್ಲಿನ್‌ನಿಂದ 1995ರಲ್ಲಿ ಇಲ್ಲಿಗೆ ಬಂದಿದ್ದ ಪೋಲೋ 2014ರಲ್ಲಿ ತೀರಿಕೊಂಡ ಮೇಲೆ ಇಡೀ ದೇಶದಲ್ಲೇ ಒಂದೂ ಗೊರಿಲ್ಲಾ ಇರಲಿಲ್ಲ. ಪೋಲೋನನ್ನು ನೋಡಿ ಬೆಳೆದ ಮೈಸೂರಿನವರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು ಅದೇ ಬೆರಗಿನಿಂದ ನಿಲ್ಲುತ್ತಾರೆ. ಗಂಡು ಗೊರಿಲ್ಲಾಗೆ ಹನ್ನೆರಡು ವರ್ಷ ದಾಟಿತೆಂದರೆ ಬೆನ್ನಿನ ಕೂದಲು ಬೆಳ್ಳಗಾಗತೊಡಗುತ್ತದೆ. ಮುಪ್ಪಿನ ನರೆಯಲ್ಲ ಅದು, ಯಜಮಾನಿಕೆಯ ಗುರುತು.

ಅವಸರ ಮಾಡದೆ ನಿಂತು ಆ ಕೈ ನೋಡಿ. ಒಂದು ಸೊಪ್ಪಿನ ಕಡ್ಡಿ ಎತ್ತಿಕೊಳ್ಳುತ್ತದೆ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸರ್ರನೆ ಎಲೆಗಳನ್ನೆಲ್ಲ ಸುಲಿಯುತ್ತದೆ, ಎಲೆ ಬಾಯಿಗೆ, ಕಡ್ಡಿ ನೆಲಕ್ಕೆ. ಬೆರಳ ತುದಿಯಲ್ಲಿ ಚಪ್ಪಟೆ ಉಗುರು, ಥೇಟ್ ನಮ್ಮದೇ! ಬೆರಳಚ್ಚು ನಮಗಿರುವಂತೆಯೇ ಅದಕ್ಕೂ ಇದೆ. ಸಾಲದೆಂಬಂತೆ ಮೂಗಿನ ಸುಕ್ಕುಗಳೂ ಒಂದೊಂದಕ್ಕೆ ಒಂದೊಂದು ತೆರ. ಕಾಡಿನಲ್ಲಿ ಸಂಶೋಧಕರು ಇಂಥವನೇ ಎಂದು ಗುರುತು ಹಿಡಿಯುವುದು ಆ ಮೂಗಿನಿಂದ. ಆದರೆ ದುರುಗುಟ್ಟಿ ನೋಡಬೇಡಿ. ಗೊರಿಲ್ಲಾ ಲೋಕದಲ್ಲಿ ಅದು ಜಗಳಕ್ಕೆ ಕರೆದ ಹಾಗೆ.

ಗೊರಿಲ್ಲಾಗಳು ಬಂದ ವರ್ಷವೇ ಮಲೇಷ್ಯಾ ಮತ್ತು ಸಿಂಗಪುರದಿಂದ ಒರಾಂಗುಟಾನ್‌ಗಳೂ ಬಂದವು. ಕೆಂಗೂದಲು, ಮೊಣಕಾಲು ಮೀರಿ ಜೋಲುವ ತೋಳು. ದಿನವೂ ರಾತ್ರಿ ಕೊಂಬೆ ಬಾಗಿಸಿ ಹೊಸ ಹಾಸಿಗೆ ಹೆಣೆದುಕೊಳ್ಳುವ ಜಾತಿ!

ಅದಕ್ಕೂ ಒಂದು ವರ್ಷ ಮೊದಲು, ಕೊರೊನಾ ಗದ್ದಲದ ನಡುವೆಯೇ, ದಕ್ಷಿಣ ಆಫ್ರಿಕಾದಿಂದ ಒಂದು ಗಂಡು, ಎರಡು ಹೆಣ್ಣು ಚೀತಾ ಬಂದಿಳಿದಿದ್ದವು. ನಮ್ಮ ನೆಲದಿಂದ ಅಳಿದುಹೋಯಿತೆಂದು 1952ರಲ್ಲಿ ಸರ್ಕಾರವೇ ಘೋಷಿಸಿದ್ದ ಪ್ರಾಣಿ. ಚಿರತೆಯಂತೆ ಕಂಡೀತು, ಆದರೆ ಕಣ್ಣಿನಿಂದ ಬಾಯಿಯವರೆಗೆ ಇಳಿದ ಎರಡು ಕಪ್ಪು ಗೆರೆ ನೋಡಿದಿರಾದರೆ ಇನ್ನೆಂದೂ ಮೋಸಹೋಗಲಾರಿರಿ. ಇನ್ನು ಅದರ ದನಿ! ಭೂಮಿಯ ಮೇಲೆ ಅತಿ ವೇಗದ ಓಟಗಾರನಿಗೆ ಗರ್ಜಿಸಲು ಬರುವುದಿಲ್ಲ. ಬೆಕ್ಕಿನ ಹಾಗೆ ಗುರ್‌ಗುಟ್ಟುತ್ತದೆ, ಮರಿಯನ್ನು ಕರೆಯುವಾಗ ಹಕ್ಕಿಯಂತೆ ಚಿಲಿಪಿಲಿ ಎನ್ನುತ್ತದೆ.

ಇವರೆಲ್ಲ ಬರುವ ದಾರಿಯೇ ಒಂದು ಸಾಹಸ. ಪತ್ರ ವ್ಯವಹಾರ, ಪರವಾನಗಿ, ವಿಮಾನ, ಮರದ ಪೆಟ್ಟಿಗೆ. ಇಳಿದ ಮೇಲೂ ನೇರ ಜನರ ಮುಂದೆ ಬಿಡುವುದಿಲ್ಲ, ರೋಗರುಜಿನವಿಲ್ಲವೆಂದು ಖಚಿತವಾಗುವವರೆಗೆ ಪ್ರತ್ಯೇಕ ವಾಸ. ಆಮೇಲೆ ಹೊಸ ಹವೆ, ಹೊಸ ಪಾಲಕರು, ಕಿವಿಗೆ ಬೀಳುವ ಕನ್ನಡ! 1892ರಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆಯ ಪ್ರಾಣಿಸಂಗ್ರಹಾಲಯವೆಂದು ಸುಮಾರು ಹತ್ತು ಎಕರೆಯಲ್ಲಿ ತೆರೆದ ಜಾಗ ಇದು. ಈಗ ಪೂರ್ತಿ ಸುತ್ತಿದರೆ ಕಾಲು ಸೋಲುತ್ತದೆ.

ಬೇಸಿಗೆಯಲ್ಲಿ ಹೋದರೆ ಬೇರೆಯದೇ ಮಜಾ. ಆನೆಗಳಿಗೆ ನೀರಿನ ಚಿಮುಕು, ವಾನರಗಳಿಗೆ ಎಳನೀರು, ಕಲ್ಲಂಗಡಿ. ಕರಡಿಯ ಪಾಲಿಗೆ ಹಣ್ಣಿನ ಹೋಳು ಹುದುಗಿದ ಐಸ್ ಗಡ್ಡೆ! ಅದನ್ನು ಎರಡೂ ಮುಂಗೈಯಿಂದ ತಬ್ಬಿ ಉಗುರಿನಿಂದ ಕೆರೆಯುತ್ತದೆ, ತುಟಿ ಉದ್ದ ಮಾಡಿ ಸೊರ್ರೆಂದು ಹೀರುತ್ತದೆ. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದೇ ಇಲ್ಲ. ಗೆದ್ದಲನ್ನು ಹುತ್ತದಿಂದ ಹೀರಿಕೊಳ್ಳಲೆಂದೇ ಪ್ರಕೃತಿ ಬಿಟ್ಟ ಕಿಂಡಿ ಅದು. ಐಸಿಗೂ ಅದೇ ಕಿಂಡಿ ಒದಗಿತು.

ದಸರಾ ಹೊತ್ತಿನಲ್ಲಿ ಮಾಮೂಲಿ ಮಂಗಳವಾರದ ರಜೆಯನ್ನೂ ಬಿಟ್ಟು ಝೂ ತೆರೆದಿರುತ್ತದೆ. ಸಂಭ್ರಮವೇನೋ ಹೌದು, ಆದರೆ ಆ ನೂಕುನುಗ್ಗಲಿನಲ್ಲಿ ಪ್ರಾಣಿಗಿಂತ ಮುಂದೆ ನಿಂತವರ ಬೆನ್ನೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ತಕರಾರು. ನನ್ನನ್ನು ಕೇಳಿದರೆ ಚಳಿಗಾಲ ಇಳಿಯುವ ಹೊತ್ತೇ ಸೈ. ಏಕೆಂದರೆ ಆಗ ಪಕ್ಕದ ಕಾರಂಜಿ ಕೆರೆಯ ಮರಗಳಲ್ಲಿ ಗೂಡುಗಳ ಸಂತೆ. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು! ಇವುಗಳಿಗೆ ಪರವಾನಗಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಯಾರೂ ಕರೆಸಿದ್ದೂ ಅಲ್ಲ. ಬಣ್ಣದ ಕೊಕ್ಕರೆ ಕೆಸರು ನೀರಿನಲ್ಲಿ ಬಾಯಿ ಅರೆತೆರೆದು ಕೊಕ್ಕನ್ನು ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಕಣ್ಣಿನಿಂದ ಹುಡುಕುವುದಿಲ್ಲ ಅದು. ಮೀನು ಕೊಕ್ಕಿಗೆ ತಗುಲಿದ್ದೇ ತಡ, ಟಪ್! ನಾವು ರೆಪ್ಪೆ ಮಿಟುಕಿಸುವುದರೊಳಗೆ ಮೀನು ಗಂಟಲಿಗೆ. ಝೂ ಸುತ್ತಿ ಸುಸ್ತಾಗಿದ್ದರೂ ಈ ಕೆರೆಯನ್ನು ಮಾತ್ರ ಬಿಡಬೇಡಿ. ಬೈನಾಕ್ಯುಲರ್ ಇದ್ದರೆ ತನ್ನಿ.