ಕಮ್ಯುನಿಟಿ ಕಾಲೇಜಿನಿಂದ ವೈದ್ಯವಿದ್ಯೆಗೆ

ಪ್ರಶ್ನೆ: ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದು ಮೊದಲುಮಾಡಿದವರಿಗೂ ವೈದ್ಯಕೀಯ ಕಾಲೇಜಿನ ಪ್ರವೇಶ ದೊರೆಯುವುದುಂಟೆ?

ಉತ್ತರ: ನಿಸ್ಸಂದೇಹವಾಗಿ ಉಂಟು. ನಮ್ಮಲ್ಲಿ ಪಿಯುಸಿ ಮುಗಿದೊಡನೆ ವೈದ್ಯವಿದ್ಯೆಯನ್ನು ಆರಂಭಿಸುವ ಪದ್ಧತಿಯಿರುವುದರಿಂದ ಈ ಶಂಕೆ ಸಹಜವೇ. ಆದರೆ ಅಲ್ಲಿ ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯ ಅನಂತರವೇ ಮೊದಲಾಗುವ ಕಾರಣ, ಅಲ್ಪವೆಚ್ಚದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ, ಬಳಿಕ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಪದವಿಯನ್ನು ಪೂರೈಸಿದವರಿಗೂ ಆ ದ್ವಾರವು ತೆರೆದೇ ಇರುವುದು. ಪ್ರೌಢಶಾಲೆಯನ್ನು ಅರ್ಧದಲ್ಲಿಯೇ ತೊರೆದು, ಸೈನ್ಯವನ್ನು ಸೇರಿ, ವಿಯೆಟ್ನಾಂ ಯುದ್ಧದಿಂದ ಮರಳಿದ ರಿಚರ್ಡ್ ಕಾರ್ಮೋನ ಅವರು ನ್ಯೂಯಾರ್ಕಿನ ಬ್ರಾಂಕ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದು, 2002ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯದ ಪ್ರಮುಖ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ ಪದವಿಗೇರಿದರೆಂಬುದು ನನಗಂತೂ ಅತ್ಯಂತ ಆದರಣೀಯವಾಗಿ ತೋರುತ್ತದೆ.

ಆದರೂ ಎಚ್ಚರಿಕೆ ಆವಶ್ಯಕ. ಕೆಲವು ವೈದ್ಯಕೀಯ ಕಾಲೇಜುಗಳು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ಪೂರ್ವಪಾಠಗಳನ್ನು ವಿಶ್ವವಿದ್ಯಾಲಯದಲ್ಲಿಯೇ ಕಲಿತಿರುವುದನ್ನು ಹೆಚ್ಚಾಗಿ ಮನ್ನಿಸುವುದರಿಂದ, ವರ್ಗವಾದ ಮೇಲೆ ಉನ್ನತ ತರಗತಿಯ ವಿಜ್ಞಾನದಲ್ಲಿ ಪ್ರಾವೀಣ್ಯವನ್ನು ಮೆರೆಯುವುದು ಲೇಸು. ಅರ್ಜಿಯಲ್ಲಿ ಕಮ್ಯುನಿಟಿ ಕಾಲೇಜಿನ ಅಂಕಗಳೂ ಗಣನೆಗೆ ಬರುವುವಾದ್ದರಿಂದ ಅಲ್ಲಿನ ಪಾಠವನ್ನು ಲಘುವಾಗಿ ಭಾವಿಸಲಾಗದು. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕಾಗಿ ಬರೆಯುವ, ಗರಿಷ್ಠ 528 ಅಂಕಗಳ ಎಂಕ್ಯಾಟ್ ಪರೀಕ್ಷೆಯಾದರೋ, ಎಲ್ಲಿ ಓದಿದವರಿಗೂ ಒಂದೇ.